ತವರಿನಂಗಳ

ಹೋದ ಸಲ ಉಪ್ಸಾರಿನ ಖಾರದ ವಿಷಯ ಬರೆದಿದ್ದೆ, ಈ ಸಲ ಕ್ರಿಕೆಟ್ಟು. ನಗಬೇಡಿ. ಮನೇಲಿ ಗಂಡು ಹುಡುಗರನ್ನ ಸಾಕಿದ ಯಾವ ತಾಯಿಗೆ ಕ್ರಿಕೆಟ್ ಗೊತ್ತಿಲ್ಲ ಹೇಳಿ. ಹದಿನೆಂಟು ವರ್ಷದಿಂದ ಏಪ್ರಿಲ್ ಮೇ ಬಂದ್ರೆ ನಮ್ಮನೆ ರಾತ್ರಿ ಊಟ ಟೀವಿ ಮುಂದೇನೆ. ಮುದ್ದೆ ತಟ್ಟೇಲಿ ಆರಿ ಕಲ್ಲಾಗ್ತಾ ಇರುತ್ತೆ, ನಾನು "ಉಣ್ರೋ, ಉಣ್ರೋ" ಅಂತ ಬಡ್ಕೋತಾ ಇರ್ತೀನಿ. ಹಂಗೆ ಬಡ್ಕೋತಾ ಬಡ್ಕೋತಾ ನಾನೂ ಕಲ್ತುಬಿಟ್ಟೆ.

ಈ ಸಲ ಪಿತೃಪಕ್ಷಕ್ಕೆ ತವರಿಗೆ ಹೋಗಿದ್ದೆ. ನನ್ನ ತವರು ಮಳವಳ್ಳಿ ತಾಲ್ಲೂಕು, ತೊರೆಕಾಡನಹಳ್ಳಿ ಕಡೆ. ಅಪ್ಪನಿಗೆ ಎಡೆ ಇಡೋ ದಿವಸ ನಾವು ಮೂರು ಜನ ಮಕ್ಕಳೂ ಅವ್ವನ ಮನೇಲಿ ಸೇರ್ತೀವಿ. ಅಣ್ಣ ಮೈಸೂರಿಂದ ಬರ್ತಾನೆ. ತಂಗಿ, ಅವಳ ಗಂಡ, ಮಕ್ಕಳು ಬೆಂಗಳೂರು ಸುಂಕದಕಟ್ಟೆಯಿಂದ ಬರ್ತಾರೆ. ನಾನು ಮದ್ದೂರಿಂದ, ಮಗಳು ಅಳಿಯ ಮಂಡ್ಯದಿಂದ. ಎಡೆ ಎತ್ತಿ ಊಟ ಆದ್ಮೇಲೆ ಜಗುಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಗಂಡಸರು ಜಗಳ ಆಡೋದು ವರ್ಷ ವರ್ಷದ ಪದ್ಧತಿ. ಒಂದು ವರ್ಷ ರಾಜಕೀಯ, ಒಂದು ವರ್ಷ ಜಮೀನು. ಈ ವರ್ಷ ಏನಪ್ಪ ಅಂದ್ರೆ, ಆಟದ ಟೀಮಿಗೆ ಊರು ಅಂತ ಇದ್ರೆ ಬೆಂಗಳೂರಿನಂಥದ್ದು ಇರಬೇಕಾ, ಮೈಸೂರಿನಂಥದ್ದು ಇರಬೇಕಾ ಅಂತ.

ಅಣ್ಣ ಶುರು ಮಾಡಿದ. "ಏನ್ ಭಾವ, ನಿಮ್ ಬೆಂಗ್ಳೂರಲ್ಲಿ ಆಡ್ಬೇಕಾದ ಮಹಾರಾಜ ಟ್ರೋಫಿ ಕೊನೆಗೆ ನಮ್ ಮೈಸೂರಿಗೇ ಬಂತಲ್ಲ. ಹೆಂಗಸರ ವರ್ಲ್ಡ್ ಕಪ್ಪೂ ನಿಮ್ ಕೈ ಬುಟ್ಟು ನವಿ ಮುಂಬೈಗೆ ಹೋಯ್ತು. ಇನ್ನೇನ್ ಮಡಿಕಂಡಿದ್ದೀರಿ ಅಲ್ಲಿ?"

ತಂಗಿ ಗಂಡ ಬಿಡ್ತಾರಾ? "ನಿಮ್ ಮೈಸೂರು ವಾರಿಯರ್ಸ್ ಅಂದ್ರೆ ನಮ್ ಬೀದೀಲಿ ನಾಕ್ ಜನಕ್ಕೆ ಗೊತ್ತಿಲ್ಲ ಭಾವ. ಆರ್‌ಸಿಬಿ ಅಂದ್ರೆ ದುಬೈಲಿ ಇರೋನೂ ಕುಣೀತಾನೆ."

"ಗೊತ್ತಿಲ್ದೆ ಏನು? 2024ರಲ್ಲಿ ನಿಮ್ ಚಿನ್ನಸ್ವಾಮಿ ಸ್ಟೇಡಿಯಂ ಒಳಗೇ, ನಿಮ್ ಬೆಂಗಳೂರು ಬ್ಲಾಸ್ಟರ್ಸ್‌ನೇ ಫೈನಲ್‌ನಲ್ಲಿ 45 ರನ್ನಲ್ಲಿ ಹೊಡೆದ್ವಲ್ಲ!"

ಅದು ನಿಜ. ಕರುಣ್ ನಾಯರ್ ಮೈಸೂರು ಕ್ಯಾಪ್ಟನ್ನು, ಮಯಾಂಕ್ ಅಗರ್‌ವಾಲ್ ಬೆಂಗಳೂರು ಕ್ಯಾಪ್ಟನ್ನು. ಆದರೆ ಕರುಣ್ ನಾಯರ್ ಬೆಳೆದಿದ್ದು ಬೆಂಗಳೂರಲ್ಲಿ. ಅದೇ ವರ್ಷ ಮೈಸೂರು ಟೀಮಿಗೆ ತಗೊಂಡಿದ್ದ ರಾಹುಲ್ ದ್ರಾವಿಡ್ ಮಗನೂ ಬೆಂಗಳೂರು ಹುಡುಗನೇ. ಹರಾಜಲ್ಲಿ ಕೊಂಡ ಹುಡುಗರು ಯಾವ ಊರೋರಾದ್ರೂ ಆಗಬಹುದು. ನಾನು ಇದನ್ನ ಹೇಳಿದ್ರೆ ಇಬ್ಬರೂ ನನ್ನ ಮೇಲೇ ಬೀಳ್ತಾರೆ ಅಂತ ಸುಮ್ನೆ ಎಲೆ ಮಡಿಸ್ತಾ ಕೂತಿದ್ದೆ.

ನಮ್ಮನೆಯವರು ಮಾತ್ರ, "ನಮ್ ಮಂಡ್ಯಕ್ಕೆ ಒಂದ್ ಟೀಮ್ ಕೊಡ್ಲಿ ಮೊದ್ಲು, ಆಮೇಲೆ ಜಗ್ಳ ಆಡುವ್ರಿ" ಅಂದು ಎದ್ದು ಹೋದರು. ಮಹಾರಾಜ ಟ್ರೋಫೀಲಿ ಆರು ಟೀಮು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗ. ನಾವು ಕ್ರಿಕೆಟ್ ಲೆಕ್ಕದಲ್ಲಿ ಮೈಸೂರು ವಲಯಕ್ಕೆ ಸೇರಿದೋರು. ಮನಸ್ಸಿನ ಲೆಕ್ಕದಲ್ಲಿ ಮದ್ದೂರಿನ ಐಕ್ಳೆಲ್ಲ ಬೆಂಗಳೂರು. ನಮ್ಮೂರಿಂದ ಬೆಂಗಳೂರಿಗೆ ಎಂಬತ್ತು ಕಿಲೋಮೀಟರ್ರು, ಮೈಸೂರಿಗೆ ಅರವತ್ತು ಚಿಲ್ಲರೆ. ಮೈಸೂರೇ ಹತ್ತಿರ. ಆದರೂ ಬೀದಿ ಮಕ್ಕಳ ಮೈಮೇಲೆ ಕೆಂಪು ಬನಿಯನ್ನೇ ಕಾಣೋದು.

ಇಷ್ಟೊತ್ತೂ ನನ್ನ ಕಿರೀ ಮಗ ಕಂಬಕ್ಕೆ ಒರಗಿಕೊಂಡು ಮೊಬೈಲ್ ನೋಡ್ತಾ ಕೂತಿದ್ದ. ಹೋದ ವರ್ಷ ಆಗಿದ್ರೆ ಅವನ ಗಂಟಲೇ ಎಲ್ಲರಿಗಿಂತ ಜೋರಾಗಿರೋದು. ಈ ವರ್ಷ ಒಂದು ಮಾತಿಲ್ಲ.

ಪೇಪರಲ್ಲಿ ಆಟದ ಪುಟ ನೀವೂ ನೋಡಿರ್ತೀರಿ. "ತವರಿನಂಗಳದಲ್ಲಿ ಜಯ", "ತವರಿನಲ್ಲಿ ಮುಖಭಂಗ" ಅಂತ ದಪ್ಪಕ್ಷರದಲ್ಲಿ ಹಾಕ್ತಾರೆ. ಇದನ್ನ ಬರೆಯೋರು ಗಂಡಸರೇ ಇರಬೇಕು ಅನ್ನಿಸುತ್ತೆ ನಂಗೆ. ಅವರು ತವರು ಬಿಟ್ಟು ಹೋದೋರಲ್ಲ, ಅದಕ್ಕೆ ಆ ಮಾತು ಅಷ್ಟು ಸಲೀಸು. ತವರು ಅಂದ್ರೆ ಏನು ಅಂತ ನಮ್ಮನ್ನ ಕೇಳಬೇಕು. ಹೋದ ತಕ್ಷಣ "ಉಂಡ್ಯಾ ಮಗ" ಅನ್ನಬೇಕು. ಕಾಲು ಚಾಚೋಕೆ ಒಂದು ಜಾಗ ಇರಬೇಕು. ವಾಪಸ್ ಹೊರಟಾಗ ಬಸ್ ಹತ್ತೋ ಗಂಟ ಯಾರಾದ್ರೂ ಜೊತೇಲಿ ಬರಬೇಕು, ಊರು ಸೇರಿದ್ಮೇಲೆ ಫೋನ್ ಮಾಡು ಅನ್ನಬೇಕು. ಅವತ್ತು ಜಗುಲಿ ಮೇಲೆ ಕೂತು ನಾನು ಈ ಲೆಕ್ಕ ಹಾಕ್ತಾ ಇದ್ದೆ. ಯಾವ ಊರು ಹೆಚ್ಚು ಕಪ್ ಗೆದ್ದಿದೆ ಅನ್ನೋ ಲೆಕ್ಕ ಗಂಡಸರು ಹಾಕ್ಕೊಳ್ಳಲಿ.

ಮೊದಲು ಬೆಂಗಳೂರಿನ ವಿಷಯಕ್ಕೆ ಬರ್ತೀನಿ. ಆ ಸ್ಟೇಡಿಯಂಗೆ ಹೆಸರು ಇಟ್ಟಿರೋದು ಎಂ. ಚಿನ್ನಸ್ವಾಮಿಯವರದ್ದು. ಅವರು ನಮ್ಮ ಮಂಡ್ಯದೋರು, ವಕೀಲರು. 1977ರಿಂದ 1980ರ ತನಕ ಇಡೀ ದೇಶದ ಕ್ರಿಕೆಟ್ ಮಂಡಳಿಗೇ ಅಧ್ಯಕ್ಷರಾಗಿದ್ದೋರು. ನಮ್ಮ ಕಾಲದ ಮಕ್ಕಳಿಗೇ ಇದು ಗೊತ್ತಿಲ್ಲ, ಈಗಿನವಕ್ಕೆ ಎಲ್ಲಿಂದ ಗೊತ್ತಾಗಬೇಕು. ಅಲ್ಲಿ ಮೊದಲನೇ ಟೆಸ್ಟ್ ಮ್ಯಾಚ್ ನಡೆದಿದ್ದು 1974ರಲ್ಲಿ, ವೆಸ್ಟ್ ಇಂಡೀಸ್ ಮೇಲೆ. ಅದೇ 1974ರಲ್ಲೇ ನಮ್ಮ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಮೊದಲ ಸಲ ಕಾವೇರಿ ನೀರು ಹೋಗಿದ್ದು. ನಮ್ಮಪ್ಪ ಆ ಪೈಪಿನ ಕಾಲುವೆ ಅಗೆಯೋ ಕೆಲಸಕ್ಕೆ ಕೂಲಿಗೆ ಹೋಗ್ತಿದ್ದರಂತೆ. ನಾನಾಗ ಅವ್ವನ ಸೊಂಟದ ಮೇಲಿದ್ದೆ. ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ನೀರನ್ನ ತಳ್ಳಬೇಕು. ಅದಕ್ಕೂ ಮುಂಚೆ, 1905ರಲ್ಲೇ, ಬೆಂಗಳೂರಿಗೆ ಕರೆಂಟು ಹೋಗಿದ್ದೂ ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ. 2024ರ ಅಕ್ಟೋಬರಲ್ಲಿ ಐದನೇ ಹಂತದ ನೀರನ್ನೂ ತೊರೆಕಾಡನಹಳ್ಳೀಲೇ ಉದ್ಘಾಟನೆ ಮಾಡಿದರು. ಲೆಕ್ಕ ಹಾಕಿದ್ರೆ ಬೆಂಗಳೂರಿನ ಅಡಿಗೆಮನೇಲಿ ನಾವು ಅರ್ಧ ಪಾಲುದಾರರು.

ಆದರೆ ಆ ಸ್ಟೇಡಿಯಂ ಒಳಗೆ ಕೂತು ಐಪಿಎಲ್ ನೋಡಿದೋರು ನಮ್ಮ ಬೀದೀಲಿ ಎಷ್ಟು ಜನ ಗೊತ್ತಾ? ಒಬ್ಬ. ಅವನೂ ಕಂಪನಿ ಕೊಟ್ಟ ಪಾಸಲ್ಲಿ ಹೋಗಿದ್ದ. ಟಿಕೆಟ್ಟು ಮೊಬೈಲಲ್ಲಿ ಬಿಟ್ಟ ಕ್ಷಣಕ್ಕೆ ಖಾಲಿ. ನನ್ನ ಮಗ, ಅವನ ಸ್ನೇಹಿತರು ನಾಲ್ಕು ಜನ ನಾಲ್ಕು ಮೊಬೈಲ್ ಇಟ್ಕೊಂಡು ಕಾಯೋರು. "ಅಮ್ಮ, ಕ್ಯೂನಲ್ಲಿ ನನ್ ಮುಂದೆ ಲಕ್ಷ ಜನ ಅವ್ರೆ" ಅಂತಿದ್ದ. ಒಟ್ಟು ಜಾಗ ಇರೋದು ಮೂವತ್ತೈದು ಸಾವಿರದ ಹತ್ತಿರ. ಐನೂರು ಜನಕ್ಕೆ ಅಡಿಗೆ ಮಾಡಿ ಮೂರು ಹೋಬಳಿಗೆ ಲಗ್ನಪತ್ರಿಕೆ ಹಂಚಿದಂಗೆ ಅಲ್ವಾ ಇದು?

ಇಷ್ಟಾದ್ರೂ ಮನಸ್ಸು ಅಲ್ಲೇ. 2008ನೇ ಇಸವಿ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಆಟ ಅದೇ ಸ್ಟೇಡಿಯಂನಲ್ಲಿ. ಕೋಲ್ಕತ್ತದ ಮೆಕಲಂ ಒಬ್ಬನೇ 158 ಹೊಡೆದ, ನಮ್ಮೋರು 140 ರನ್ನಲ್ಲಿ ಸೋತರು. ನನ್ನ ಕಿರೀ ಮಗನಿಗೆ ಆಗ ನಾಲ್ಕು ವರ್ಷ. ಅಲ್ಲಿಂದ ಶುರುವಾಯ್ತು ನೋಡಿ. 2009ರ ಫೈನಲ್ ಜೋಹಾನ್ಸ್‌ಬರ್ಗಲ್ಲಿ ಸೋತರು. 2011ರ ಫೈನಲ್ ಚೆನ್ನೈಯಲ್ಲಿ ಚೆನ್ನೈ ಮೇಲೇ ಸೋತರು. 2016ರಲ್ಲಿ ಫೈನಲ್ಲು ನಮ್ಮ ಚಿನ್ನಸ್ವಾಮೀಲೇ ಇತ್ತು, ಎಂಟು ರನ್ನಲ್ಲಿ ಸೋತರು. ಅವತ್ತು ಮಗ ಉಣ್ಣದೆ ಮಲಗಿದ. ಬೆಳಿಗ್ಗೆ ದಿಂಬು ನೋಡಿದ್ರೆ ಒದ್ದೆ. ಸೋಲು ಕೂಡ ಮನೆ ಮಗುವಿನಂಗೆ ಆಗೋಯ್ತು ನಮಗೆ.

2025ರ ವರ್ಷಾನೇ ವಿಚಿತ್ರ. ಹೊರಗೆ ಹೋದ ಊರಲ್ಲೆಲ್ಲ ಗೆದ್ದರು, 2008ರಿಂದ ಗೆಲ್ಲಕ್ಕಾಗದೆ ಇದ್ದ ಚೆನ್ನೈಲೂ ಗೆದ್ದರು. ಬೆಂಗಳೂರಲ್ಲಿ ಮಾತ್ರ ಮೊದಲ ಮೂರಕ್ಕೆ ಮೂರೂ ಸೋತರು. ಅದರಲ್ಲಿ ಒಂದು ಆಟದಲ್ಲಿ ಡೆಲ್ಲಿ ಕಡೆಯಿಂದ ಆಡಿದ ನಮ್ಮ ಕೆ.ಎಲ್. ರಾಹುಲ್ 93 ಹೊಡೆದು ಗೆಲ್ಲಿಸಿ, ಬ್ಯಾಟಲ್ಲಿ ನೆಲದ ಮೇಲೆ ಒಂದು ಗುಂಡು ಗೆರೆ ಎಳೆದು ನಡುವೆ ಊರಿದ. ಇದು ನನ್ನ ನೆಲ ಅಂತ. ಕಾಂತಾರ ಸಿನಿಮಾ ನೋಡಿ ಹಂಗೆ ಮಾಡಿದ್ದಂತೆ. ತಂಗಿ ಗಂಡನಿಗೆ ಇವತ್ತಿಗೂ ಅದು ಉರಿ. ನಂಗೆ ಮಾತ್ರ ಒಳಗೊಳಗೆ ಖುಷಿಯಾಯ್ತು. ಮದುವೆ ಮಾಡಿ ಬೇರೆ ಮನೆಗೆ ಕೊಟ್ಟ ಮಗಳು ಬಂದು, ಈ ಮನೆ ನಂದೂ ಹೌದು ಅಂದಂಗಿತ್ತು.

ಕೊನೆಗೆ ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಪಂಜಾಬ್ ಮೇಲೆ ಆರು ರನ್ನಲ್ಲಿ ಗೆದ್ದರಲ್ಲ, ಹದಿನೆಂಟನೇ ವರ್ಷಕ್ಕೆ. ಮದ್ದೂರಲ್ಲಿ ಆ ರಾತ್ರಿ ದೀಪಾವಳಿ. ಮಗ ಅಳ್ತಾ ಇದ್ದ, ನಾನೂ ಅಳ್ತಾ ಇದ್ದೆ. ಮಲಗಿದ್ದ ನಮ್ಮನೆಯವರು ಎದ್ದು ಬಂದು, "ಯಾರ್ ಸತ್ರು?" ಅಂತ ಕೇಳಿದರು. ನಾವು ನಕ್ಕೆವು. ಆ ಮಾತನ್ನ ಮಾರನೇ ದಿನ ನೆನೆಸ್ಕೊಂಡು ನನ್ನ ಮೈ ಜುಮ್ಮಂದಿದೆ.

ಮಾರನೇ ದಿನ, ಜೂನ್ 4. ಬೆಳಿಗ್ಗೆ ಹತ್ತಕ್ಕೆಲ್ಲ ಮಗ ಹೊರಟು ನಿಂತ. ಟೀಮು ಬೆಂಗಳೂರಿಗೆ ಬರ್ತಾ ಇದೆ, ಮೆರವಣಿಗೆ ಅಂತೆ, ಸ್ಟೇಡಿಯಂ ಒಳಗೆ ಬಿಡ್ತಾರಂತೆ ಅಂತ ಏನೇನೋ ಮೊಬೈಲಲ್ಲಿ ಬಂದಿತ್ತು. ಅವರಪ್ಪ ಬೇಡ ಅಂದರು. "ಹದಿನೆಂಟ್ ವರ್ಸ ಕಾದವ್ನೆ, ಹೋಗ್ಬರ್ಲಿ ಬುಡಿ" ಅಂದು ಐನೂರು ರೂಪಾಯಿ ಕೈಗಿಟ್ಟಿದ್ದು ನಾನು. ಡಬ್ಬೀಲಿ ಚಿತ್ರಾನ್ನ ಹಾಕಿ ಕೊಟ್ಟಿದ್ದೂ ನಾನೇ. ಮೂರು ಜನ ಸ್ನೇಹಿತರ ಜೊತೆ ಬಸ್ ಹತ್ತಿದ.

ಸಾಯಂಕಾಲ ಟೀವೀಲಿ ವಿಧಾನಸೌಧದ ಮೆಟ್ಟಿಲು ತೋರಿಸ್ತಾ ಇದ್ರು. ಹಾರ, ಪೇಟ. ನಾನು ಅವರೆಕಾಳು ಹಿಸುಕ್ತಾ ಜನದ ನಡುವೆ ನನ್ನ ಮಗ ಕಾಣ್ತಾನಾ ಅಂತ ಹುಡುಕ್ತಾ ಕೂತಿದ್ದೆ. ಕೆಳಗಡೆ ಒಂದು ಸಾಲು ಓಡೋಕೆ ಶುರುವಾಯ್ತು. ಮೊದಲು ಕಾಲ್ತುಳಿತ ಅಂತ ಬಂತು. ಆಮೇಲೆ ಒಂದು ಸಾವು. ಆಮೇಲೆ ಮೂರು. ಆ ಅಂಕಿ ಏರ್ತಾ ಏರ್ತಾ ಹೋಯ್ತು. ಮಗನಿಗೆ ಫೋನ್ ಮಾಡಿದ್ರೆ ಸಂಪರ್ಕಕ್ಕೆ ಸಿಗ್ತಾ ಇಲ್ಲ. ಸ್ನೇಹಿತರ ಫೋನೂ ಇಲ್ಲ. ತಂಗಿಗೆ ಮಾಡಿದೆ, ಅವಳ ಗಂಡ ಬೈಕ್ ತಗೊಂಡು ಹೊರಟು ಮೆಜೆಸ್ಟಿಕ್ ದಾಟಕ್ಕಾಗದೆ ನಿಂತಿದ್ದರು. ನಮ್ಮನೆಯವರು ಒಂದು ಮಾತು ಆಡಲಿಲ್ಲ. ನೀನು ಕಳಿಸಿದ್ದು ಅಂತ ಬಾಯಿಬಿಟ್ಟು ಅಂದಿದ್ರೇ ಚೆನ್ನಾಗಿತ್ತು. ಅವರು ಸುಮ್ಮನೆ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ಕೂತರು, ಮೂರು ಗಂಟೆ ಕಾಲ.

ಒಂಬತ್ತಕ್ಕೆ ಯಾವುದೋ ಅಪರಿಚಿತ ನಂಬರಿಂದ ಫೋನ್ ಬಂತು. "ಅಮ್ಮ, ನಾನ್ ಸರಿ ಇದೀನಿ." ಅಷ್ಟೇ. ಮನೆಗೆ ಬಂದಾಗ ರಾತ್ರಿ ಒಂದು ಗಂಟೆ. ಬರಿಗಾಲು. ಬನಿಯನ್ನಿನ ತೋಳು ಕಿತ್ತು ನೇತಾಡ್ತಿತ್ತು. ಚಿತ್ರಾನ್ನದ ಡಬ್ಬಿ ಇಲ್ಲ. ಬಿಸಿನೀರು ಕಾಯಿಸಿ ಕಾಲಿಗೆ ಹಾಕಿದೆ. ಹಿಮ್ಮಡಿ ಎಲ್ಲ ತರಚಿತ್ತು. ಗೇಟಿನ ಹತ್ತಿರ ಸಿಕ್ಕಿಹಾಕ್ಕೊಂಡಿದ್ದನಂತೆ. ಎರಡೂ ಕೈ ಎದೆ ಮುಂದೆ ಹಿಡ್ಕೊಂಡು ಉಸಿರು ಉಳಿಸ್ಕೊಂಡನಂತೆ. ಯಾರೋ ಗೋಡೆ ಮೇಲಿಂದ ಕೈ ಹಿಡಿದು ಎಳೆದರಂತೆ. ಇಷ್ಟು ಹೇಳಿದ. ಇನ್ನು ಏನೋ ನೋಡಿದಾನೆ, ಅದನ್ನ ಇವತ್ತಿನ ತನಕ ಹೇಳಿಲ್ಲ, ನಾನೂ ಕೇಳಿಲ್ಲ.

ಹನ್ನೊಂದು ಜನ ಹೋದರು. ಅದರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹುಡುಗನೂ ಇದ್ದ. ಅವನ ತಾಯಿಯೂ ಬೆಳಿಗ್ಗೆ ಹೋಗ್ಬಾ ಅಂದಿರ್ತಾಳೆ ಅಲ್ವಾ? ಯಾರ ತಪ್ಪು ಅನ್ನೋದನ್ನ ಕೋರ್ಟು ನೋಡ್ಕೊಳ್ಳಲಿ. ಎರಡು ಮೂರು ಲಕ್ಷ ಜನ ಬಂದಿದ್ದರು ಅಂತ ಸರ್ಕಾರದೋರೇ ಹೇಳಿದರು. ಇಂಥ ದೊಡ್ಡ ಜನ ಸೇರೋಕೆ ಆ ಜಾಗ ಸುರಕ್ಷಿತವಲ್ಲ ಅಂತ ಸರ್ಕಾರ ನೇಮಿಸಿದ್ದ ಮೈಕೆಲ್ ಡಿ'ಕುನ್ಹಾ ಅವರ ಆಯೋಗವೂ ಆಮೇಲೆ ಹೇಳಿತು. ಟೀವೀಲಿ ಆ ಚಪ್ಪಲಿ ರಾಶಿ ತೋರಿಸಿದಾಗ ನಾನು ನೀಲಿ ಪಟ್ಟಿಯ ಒಂದು ಜೊತೆ ಹುಡುಕ್ತಾ ಇದ್ದೆ. ಮಗ ಒಳಗೆ ಮಲಗಿದ್ದ, ಆದರೂ ಹುಡುಕ್ತಾ ಇದ್ದೆ.

ಈ ಕಾರಣಕ್ಕೆ ಅಣ್ಣ ಹೇಳೋದು ನಿಜ ಅಂದ್ಕೊಂಡ್ರಾ? ವಸಿ ತಾಳಿ.

ಮೈಸೂರಲ್ಲಿ ನಾನು ಒಂದು ಆಟ ನೋಡಿದೀನಿ. 2022ರ ಆಗಸ್ಟಲ್ಲಿ ಮಹಾರಾಜ ಟ್ರೋಫಿ ಮೊದಲ ಸಲ ಶುರುವಾದಾಗ, ಅರ್ಧ ಆಟಗಳು ಮಾನಸಗಂಗೋತ್ರಿಯ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನದಲ್ಲಿ ನಡೆದವು. ಅಣ್ಣ ಕರ್ಕೊಂಡು ಹೋಗಿದ್ದ. ಸುತ್ತ ಮರ, ಮೋಡ ಕವಿದ ಆಕಾಶ. ಅತ್ತಿಗೆ ಫ್ಲಾಸ್ಕಲ್ಲಿ ಕಾಫಿ ತಂದಿದ್ದಳು. ಬೌಂಡರಿ ಹತ್ತಿರ ನಿಂತ ಹುಡುಗನ ಬೆನ್ನಿನ ಬೆವರು ಕಾಣ್ತಿತ್ತು. ಒಬ್ಬ ಮುದುಕರು, "ಲೋ, ಬಗ್ಗಿ ಹಿಡ್ಯೋ" ಅಂದ್ರೆ ಅವನು ತಿರುಗಿ ನೋಡಿ ನಕ್ಕ. ಟೀವೀಲಿ ಇಪ್ಪತ್ತು ವರ್ಷ ನೋಡಿದ್ದಕ್ಕಿಂತ ಅವತ್ತು ಎರಡು ಗಂಟೇಲಿ ನಂಗೆ ಆಟ ಜಾಸ್ತಿ ಅರ್ಥ ಆಯ್ತು. ಚೆಂಡು ಬ್ಯಾಟಿಗೆ ತಾಗೋ ಸದ್ದು ಮೊದಲು ಕಣ್ಣಿಗೆ ಬಂದು ಆಮೇಲೆ ಕಿವಿಗೆ ಬರುತ್ತೆ ಅನ್ನೋದು ಗೊತ್ತಿತ್ತಾ ನಿಮಗೆ? ಮುಗಿದ್ಮೇಲೆ ನಡ್ಕೊಂಡೇ ರಸ್ತೆಗೆ ಬಂದು, ಏಳೂವರೆ ಬಸ್ ಹತ್ತಿ, ಮದ್ದೂರಲ್ಲಿ ಇಳಿದು, ಅನ್ನಕ್ಕೆ ಇಟ್ಟೆ. ಆ ಟೀಮಿನ ಯಜಮಾನರು ಸೈಕಲ್ ಅಗರಬತ್ತಿಯೋರು. ನಮ್ಮನೇಲಿ ದಿನಾ ಹಚ್ಚೋದೂ ಅದೇ. ಅಣ್ಣ ಇದನ್ನೂ ಜಗಳದಲ್ಲಿ ಎಳೆದು ತಂದು, "ನಿಮ್ ಟೀಮಿನ ಹೆಸ್ರು ಬಂದಿದ್ದು ಬಾಟ್ಲಿಂದ, ನಮ್ದು ದೇವ್ರ ಮನೆದು" ಅಂದ. ಅದಕ್ಕೆ ಮಾತ್ರ ತಂಗಿ ಗಂಡನೂ ನಕ್ಕುಬಿಟ್ಟರು.

ಆದರೆ ಅವತ್ತು ಮೈದಾನದಲ್ಲಿ ಕೂಗು ಇರಲಿಲ್ಲ. ಜನ ಬಂದಿದ್ದರು, ನೋಡಿದರು, ಎದ್ದು ಹೋದರು. ಗೆದ್ದಾಗ ಅಳೋಕೆ ಯಾರೂ ಇರಲಿಲ್ಲ. ಅಳಬೇಕು ಅಂದ್ರೆ ಹದಿನೆಂಟು ವರ್ಷ ಸೋಲಬೇಕು. ವರ್ಷಕ್ಕೆ ಎರಡು ಮೂರು ವಾರ ನಡೆದು ಮುಚ್ಚಿ ಹೋಗೋ ಆಟಕ್ಕೆ ಮನಸ್ಸು ಅಂಟೋಕೆ ಪುರುಸೊತ್ತು ಎಲ್ಲಿ? ಇದಕ್ಕೂ ಮುಂಚೆ ಕೆಪಿಎಲ್ ಅಂತ ಇತ್ತು. 2019ರಲ್ಲಿ ಮೋಸದಾಟದ ಹಗರಣ ಆಗಿ ನಿಂತೇ ಹೋಯ್ತು. ಆಗ ಮೈಸೂರಲ್ಲಿ ಯಾರೂ ಉಪವಾಸ ಮಲಗಲಿಲ್ಲ. ಅಣ್ಣನಿಗೆ ಇದು ಬೇಜಾರಾದ್ರೂ ಹೇಳ್ತೀನಿ, ಮೈಸೂರು ಆಟ ನೋಡೋಕೆ ಬಲು ಚೆಂದದ ಊರು. ಆದರೆ ನನ್ನ ಮಗ ದಿಂಬು ಒದ್ದೆ ಮಾಡ್ಕೊಳ್ಳೋದು ಅದಕ್ಕಲ್ಲ.

ಇನ್ನೊಂದು ಊರಿನ ಮಾತು ಹೇಳಬೇಕು. ಮಂಡ್ಯ ಜಿಲ್ಲೇಲಿ ಕೂತು ಇದನ್ನ ಹೇಳೋಕೆ ಧೈರ್ಯ ಬೇಕು. ಚೆನ್ನೈ. ಕಾವೇರಿ ಗಲಾಟೆ ಬಂದ್ರೆ ನಮ್ಮೂರಲ್ಲಿ ಹೆದ್ದಾರಿ ಬಂದ್, ಅಲ್ಲೂ ಬಂದ್. 2018ರ ಏಪ್ರಿಲಲ್ಲಿ ಚೆನ್ನೈಯೋರು, ನೀರಿಲ್ಲದಾಗ ಆಟ ಯಾಕೆ ಅಂತ ಗಲಾಟೆ ಮಾಡಿ ಮೈದಾನಕ್ಕೆ ಚಪ್ಪಲಿ ಎಸೆದರು. ಒಂದು ಆಟ ಆದ್ಮೇಲೆ ಅವರ ಟೀಮಿನ ಉಳಿದ ಆಟಗಳನ್ನೆಲ್ಲ ಪುಣೆಗೆ ಸಾಗಿಸಿದರು. ಆಗ ಆ ಟೀಮಿನೋರು ಏನು ಮಾಡಿದರು ಗೊತ್ತಾ? ಒಂದು ರೈಲು ಗೊತ್ತು ಮಾಡಿ, ಸಾವಿರದಷ್ಟು ಜನ ಅಭಿಮಾನಿಗಳನ್ನ ಚೆನ್ನೈಯಿಂದ ಪುಣೆಗೆ ಕರ್ಕೊಂಡು ಹೋದರು. ಊಟ, ಟಿಕೆಟ್ಟು, ಉಳ್ಕೊಳ್ಳೋ ಜಾಗ ಎಲ್ಲ ಸೇರಿ. ಪೇಪರಲ್ಲಿ ಓದಿದಾಗ ನಂಗೆ ಹೊಟ್ಟೆಕಿಚ್ಚಾಯ್ತು. ನೀರಿನ ವಿಷಯದಲ್ಲಿ ಅವರ ಮೇಲೆ ನಂಗೆ ಏನೇ ಸಿಟ್ಟಿರಲಿ, ತವರು ಅಂದ್ರೆ ಅದು.

ಕಬಡ್ಡಿಯೋರದ್ದು ಇನ್ನೊಂದು ಕತೆ. ನಮ್ಮನೆಯವರು ಕ್ರಿಕೆಟ್ ನೋಡೋರಲ್ಲ, ಅವರದ್ದು ಬೆಂಗಳೂರು ಬುಲ್ಸ್. 2017ರಲ್ಲಿ ಕಂಠೀರವ ಒಳಾಂಗಣ ಸಿಗದೆ ಬುಲ್ಸ್‌ನೋರು ತವರಿನ ಆಟಗಳನ್ನ ನಾಗಪುರದಲ್ಲಿ ಆಡಿದರು. "ಹೆಸ್ರು ಬೆಂಗ್ಳೂರು, ಸಂಸಾರ ನಾಗ್ಪುರ" ಅಂತ ನಮ್ಮನೆಯವರು ಇವತ್ತಿಗೂ ಗೊಣಗ್ತಾರೆ. 2019ರ ಜನವರೀಲಿ ಮುಂಬೈಯಲ್ಲಿ ಗುಜರಾತ್ ಮೇಲೆ ಗೆದ್ದು ಚಾಂಪಿಯನ್ ಆದಾಗ, ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಾಗ, ನಮ್ಮ ಬೀದೀಲಿ ಪಟಾಕಿ ಹೊಡೆದಿದ್ದು ಇವರೊಬ್ಬರೇ. ಅದೂ ದೀಪಾವಳೀಲಿ ಮಿಕ್ಕ ಲಕ್ಷ್ಮೀ ಪಟಾಕಿ.

ಊರೂರಿಗೆ ಟೀಮು ಆಗೋಕೆ ಮುಂಚೆ ಹಿಂಗಿರಲಿಲ್ಲ. 1996ರ ಅಕ್ಟೋಬರಲ್ಲಿ ಟೈಟನ್ ಕಪ್ಪು, ಅದೇ ಬೆಂಗಳೂರು ಸ್ಟೇಡಿಯಂ, ಆಸ್ಟ್ರೇಲಿಯಾ ಮೇಲೆ. ನಾನಾಗ ಮೊದಲನೇ ಬಾಣಂತನ ಮುಗಿಸಿ ಮದ್ದೂರಿಗೆ ಬಂದಿದ್ದೆ. ಪಕ್ಕದ ಮನೆ ಟೀವಿ ಮುಂದೆ ಬೀದಿಯೆಲ್ಲ ಕೂತಿತ್ತು. 164ಕ್ಕೆ ಎಂಟು ವಿಕೆಟ್ ಹೋಗಿ, ಎಲ್ಲರೂ ಎದ್ದು ಹೋಗೋಕೆ ಶುರು ಮಾಡಿದ್ರು. ಕುಂಬ್ಳೆ, ಶ್ರೀನಾಥ್ ಇಬ್ಬರೇ 52 ರನ್ ಸೇರಿಸಿ ಗೆಲ್ಲಿಸಿದರು. ಒಬ್ಬ ಬೆಂಗಳೂರೋನು, ಒಬ್ಬ ಮೈಸೂರೋನು. ಅವತ್ತು ಅಣ್ಣನಿಗೂ ನಂಗೂ ಜಗಳ ಇರಲಿಲ್ಲ.

ಜಗುಲಿ ಮೇಲೆ ಈ ಮಾತೆಲ್ಲ ನಡೀತಾ ಇದ್ದಾಗ ಅವ್ವ ಒಳಗಿಂದ ಬಂದು ಮೊಮ್ಮಗನ ಪಕ್ಕ ಕೂತರು. ಎಂಬತ್ತೆರಡು ವರ್ಷ, ಕಿವಿ ಮಂದ. ಕ್ರಿಕೆಟ್ ಅಂದ್ರೆ ಅವರಿಗೆ ಏನೂ ಗೊತ್ತಿಲ್ಲ. ಜೂನಲ್ಲಿ ಏನಾಯ್ತು ಅಂತ ಮಾತ್ರ ಗೊತ್ತು. ಅವನ ತಲೆ ಸವರಿ ಕೇಳಿದರು, "ಅವತ್ತು ಅಷ್ಟೊತ್ತು ನಿಂತಿದ್ಯಲ್ಲ ಮಗ, ಅಲ್ಲಿ ಕುಡಿಯಕ್ ನೀರಾದ್ರೂ ಸಿಕ್ತಾ?"

"ಇಲ್ಲ ಕಣಜ್ಜಿ."

"ಇಲ್ವಾ?" ಅಂದು ಅವ್ವ ದೂರದ ಪಂಪ್‌ಹೌಸ್ ಕಡೆ ನೋಡಿದರು. "ಇಲ್ಲಿಂದ ಹಗ್ಲೂ ರಾತ್ರಿ ಹೋಯ್ತಾನೇ ಅದಲ್ಲಪ್ಪ."

ಅಣ್ಣನೂ ಮಾತಾಡಲಿಲ್ಲ, ತಂಗಿ ಗಂಡನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ತಂಗಿ ಗಂಡ, "ಈಗ ಸೂರ್ಯನಗರದಲ್ಲಿ 80,000 ಜನ ಕೂರೋ ಸ್ಟೇಡಿಯಂ ಮಾಡ್ತಾರಂತೆ ಅಕ್ಕ, ಆಗ ಎಲ್ಲಾ ಸರಿ ಹೋಯ್ತದೆ" ಅಂದರು. ಸೂರ್ಯನಗರ ಇರೋದು ಆನೇಕಲ್ ಕಡೆ. ನಮ್ಮೋರು ಹೋಗಬೇಕು ಅಂದ್ರೆ ಬೆಂಗಳೂರನ್ನೇ ದಾಟಬೇಕು. ಆಟ ಮುಗಿಯೋದು ರಾತ್ರಿ ಹನ್ನೊಂದೂವರೆ. ಸಾಯಂಕಾಲದ ಚಾಮುಂಡಿ ಎಕ್ಸ್‌ಪ್ರೆಸ್ ಅಷ್ಟೊತ್ತಿಗೆ ಮಂಡ್ಯ ದಾಟಿ ಮೈಸೂರು ಸೇರಿ ಮಲಗಿರುತ್ತೆ. ಕುರ್ಚಿ ಎಷ್ಟು ಹಾಕ್ತಾರೆ ಅಂತ ಎಲ್ಲರೂ ಹೇಳ್ತಾರೆ, ರಾತ್ರಿ ಹನ್ನೆರಡಕ್ಕೆ ಮದ್ದೂರಿಗೆ ಬಸ್ ಉಂಟಾ ಅಂತ ಯಾರೂ ಹೇಳಲ್ಲ. ದಶಪಥ ರಸ್ತೆ ಬಂದ್ಮೇಲೆ ಎಕ್ಸ್‌ಪ್ರೆಸ್ ಬಸ್ಸುಗಳು ಊರೊಳಕ್ಕೇ ಬರಲ್ಲ ಬೇರೆ. ಬೈಪಾಸಲ್ಲಿ ಕತ್ತಲಲ್ಲಿ ಇಳಿಸಿ ಹೋಗ್ತವೆ. ಮದ್ದೂರು ವಡೆ ಅಂಗಡಿಯೋರನ್ನ ಕೇಳಿ, ಅವರು ಇದರ ಬಗ್ಗೆ ಒಂದು ಗಂಟೆ ಮಾತಾಡ್ತಾರೆ.

ಸಾಯಂಕಾಲ ಹೊರಟಾಗ ಅವ್ವ ಎಂದಿನಂಗೆ ಕುಂಕುಮ ಇಟ್ಟು, ರವಿಕೆ ಬಟ್ಟೆ ಕೊಟ್ಟು, ಒಂದು ಚೀಲದಲ್ಲಿ ಹುರುಳಿಕಾಳು, ಬೆಲ್ಲದ ಅಚ್ಚು ತುಂಬಿ ಕೊಟ್ಟರು. ಬಸ್‌ಸ್ಟ್ಯಾಂಡಿನ ತನಕ ಅಣ್ಣ ಬಂದ. ಮಳವಳ್ಳಿಯಿಂದ ಮದ್ದೂರಿಗೆ ಬರೋ ಬಸ್ಸಲ್ಲಿ ಮಗ ಕಿಟಕಿ ಪಕ್ಕ ಕೂತಿದ್ದ. ಅರ್ಧ ದಾರೀಲಿ, ನನ್ನ ಕಡೆ ನೋಡ್ದೇನೆ ಕೇಳಿದ.

"ಅಮ್ಮ, ಆ ಬನಿಯನ್ ಬಿಸಾಕ್ಬುಟ್ಯಾ?"

"ಇಲ್ಲ ಕಣೋ. ತೋಳು ಹೊಲ್ದು ಬೀರೂಲಿ ಮಡ್ಗಿದೀನಿ."

"ಹೂಂ" ಅಂದ. ಅಷ್ಟೇ. ಬೇಕು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಬಸ್ ಮದ್ದೂರು ಸೇರಿದಾಗ ಏಳು ಗಂಟೆ. ಇಳಿದ ತಕ್ಷಣ ಅವ್ವನಿಗೆ ಫೋನ್ ಮಾಡಿ ಊರು ಸೇರಿದ್ವಿ ಅಂತ ಹೇಳಿದೆ.